ಕಣ್ಣಿಗೆ ಕಾಣದ ಗೆರೆಗಳಲ್ಲಿ ಸೂರ್ಯನ ಬಿಸಿ ಓದುವುದು ಹೇಗೆ?

ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದಾಗ ನೀಲಿ ಉರಿ ಒಮ್ಮೆಲೇ ಹಳದಿಗೆ ತಿರುಗುತ್ತದೆ. ಅಡುಗೆ ಮಾಡುವ ಎಲ್ಲರೂ ಇದನ್ನು ನೋಡಿರುತ್ತಾರೆ. ಅದು ಉಪ್ಪಿನ ಕೆಲಸ. ಉಪ್ಪಿನಲ್ಲಿರುವ ಸೋಡಿಯಂ ಕಾದಾಗ ತನ್ನದೇ ಆದ ಹಳದಿ ಬೆಳಕು ಬಿಡುತ್ತದೆ. ಸಾರನ್ನು ನಾಲಿಗೆಗೆ ಹಾಕದೆ, ಬರೀ ಉರಿಯ ಬಣ್ಣ ನೋಡಿಯೇ ಅದರಲ್ಲಿ ಉಪ್ಪಿದೆ ಎಂದು ಹೇಳಿಬಿಡಬಹುದು.

ಸೂರ್ಯನ ವಿಷಯದಲ್ಲಿ ವಿಜ್ಞಾನಿಗಳು ಮಾಡುವುದೂ ಇದೇ ಕೆಲಸ. ಆದರೆ ಅವರಿಗೆ ಬೇಕಾದ ಬೆಳಕಿನ ಬಹುಪಾಲು ನಮ್ಮ ಕಣ್ಣಿಗೆ ಕಾಣುವುದಿಲ್ಲ, ನೆಲಕ್ಕೆ ತಲುಪುವುದೂ ಇಲ್ಲ. ಅದು ನೇರಳಾತೀತ ಬೆಳಕು.

ಇಸ್ರೋದ ಆದಿತ್ಯ ಎಲ್1 ನೌಕೆ ಸೂರ್ಯನ ಚಿತ್ರಗಳನ್ನು ಕಳಿಸತೊಡಗಿದ ಮೇಲೆ ಈ ಪದ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತಿದೆ. 2024ರ ಮೇ ತಿಂಗಳ ದೊಡ್ಡ ಸೌರ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದಾಗಲಂತೂ ಸೂರ್ಯನ ಸುದ್ದಿ ಮನೆಮನೆಯ ಮಾತಾಯಿತು. ಹಾಗಾದರೆ ನೇರಳಾತೀತ ಬೆಳಕನ್ನು ಬಿಡಿಸಿ ನೋಡುವುದು ಅಂದರೇನು? ಅದರಿಂದ ಏನು ತಿಳಿಯುತ್ತದೆ? ಬುಡದಿಂದಲೇ ಶುರು ಮಾಡೋಣ.

ಸೂರ್ಯನಿಗೂ ಒಂದು ವಾತಾವರಣ

ಸೂರ್ಯನಿಗೆ ನೆಲ ಇಲ್ಲ. ನಾವು ದಿನಾ ನೋಡುವ ಉರುಟು ಬಿಂಬ ಅವನ ಬೆಳಕು ಹೊರಗೆ ಬರುವ ಪದರ ಅಷ್ಟೇ. ಅದರ ಹೆಸರು ದ್ಯುತಿಗೋಳ. ಅಲ್ಲಿನ ಬಿಸಿ ಸುಮಾರು 5,500 ಡಿಗ್ರಿ. ಅದರ ಮೇಲೆ ತೆಳುವಾದ ವರ್ಣಗೋಳ ಇದೆ. ಅದಕ್ಕೂ ಆಚೆ ಲಕ್ಷಾಂತರ ಕಿಲೋಮೀಟರ್ ಹರಡಿರುವುದು ಕರೋನಾ. ಪೂರ್ಣ ಸೂರ್ಯಗ್ರಹಣದಲ್ಲಿ ಕಪ್ಪು ಚಂದ್ರನ ಸುತ್ತ ಬೆಳ್ಳಗೆ ಕಾಣುತ್ತದಲ್ವಾ, ಅದೇ.

ಒಲೆಯಿಂದ ದೂರ ಹೋದಂತೆ ಬಿಸಿ ಕಡಿಮೆಯಾಗಬೇಕು. ಸೂರ್ಯನಲ್ಲಿ ಹಾಗಾಗುವುದಿಲ್ಲ. ದ್ಯುತಿಗೋಳದಿಂದ ಮೇಲೇರಿದರೆ ಬಿಸಿ ಮೊದಲು ಸ್ವಲ್ಪ ಇಳಿಯುತ್ತದೆ. ಆಮೇಲೆ ಏರತೊಡಗಿ ಹತ್ತಾರು ಸಾವಿರ ಡಿಗ್ರಿ ಮುಟ್ಟುತ್ತದೆ. ಅಲ್ಲಿಂದ ಕೆಲವೇ ನೂರು ಕಿಲೋಮೀಟರ್ ದಪ್ಪದ ಒಂದು ಪದರದಲ್ಲಿ ಏಕಾಏಕಿ ಹತ್ತು ಲಕ್ಷ ಡಿಗ್ರಿಗೆ ಜಿಗಿಯುತ್ತದೆ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್. ಅದರ ಮುಂದೆ ಈ ಪದರ ದೊಡ್ಡ ಹಲಸಿನ ಹಣ್ಣಿಗೆ ಸುತ್ತಿದ ತೆಳು ಕಾಗದಕ್ಕಿಂತ ದಪ್ಪವೇನಲ್ಲ. ಇದಕ್ಕೆ ಸಂಕ್ರಮಣ ಪದರ ಎನ್ನೋಣ.

ಕರೋನಾವನ್ನು ಇಷ್ಟು ಕಾಯಿಸುವುದು ಏನು? ಸೂರ್ಯನ ಕಾಂತಕ್ಷೇತ್ರವೇ ಶಕ್ತಿಯನ್ನು ಮೇಲಕ್ಕೆ ಸಾಗಿಸುತ್ತದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅಲೆಗಳ ಮೂಲಕವೋ, ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಸ್ಫೋಟಗಳ ಮೂಲಕವೋ, ಎರಡೂ ಸೇರಿಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮುಗಿಸಬೇಕಾದರೆ ಆ ತೆಳು ಪದರದಲ್ಲಿ ಏನು ನಡೆಯುತ್ತಿದೆ ಎಂದು ಅಳೆಯಬೇಕು. ಅಲ್ಲಿಗೆ ಥರ್ಮಾಮೀಟರ್ ಕಳಿಸಲಾಗದು. ಬರುವ ಬೆಳಕೊಂದೇ ಸಾಕ್ಷಿ.

ಬೆಳಕನ್ನು ಬಿಡಿಸಿದರೆ

ಮಳೆಹನಿ ಬಿಸಿಲನ್ನು ಬಿಡಿಸಿದರೆ ಕಾಮನಬಿಲ್ಲು. ಹಳೇ ಸಿಡಿಯನ್ನು ಓರೆಯಾಗಿ ಹಿಡಿದರೂ ಅದೇ ಬಣ್ಣಗಳು ಕಾಣುತ್ತವೆ. ಹೀಗೆ ಬಿಡಿಸಿದ ಬಣ್ಣಗಳ ಪಟ್ಟಿಗೆ ರೋಹಿತ ಎನ್ನುತ್ತಾರೆ. ಪ್ರತಿ ಬಣ್ಣಕ್ಕೂ ಅಲೆಯ ಉದ್ದ ಬೇರೆ. ಕೆಂಪಿನದು ಸುಮಾರು 700 ನ್ಯಾನೊಮೀಟರ್, ನೇರಳೆಯದು ಸುಮಾರು 400. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೊಮೀಟರ್. 400ಕ್ಕಿಂತ ಕೆಳಗೆ, 10ರವರೆಗೆ ಇರುವುದು ನೇರಳಾತೀತ.

ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಮನಸ್ಸಿಗೆ ಬಂದ ಕಡೆ ಇರುವುದಿಲ್ಲ. ಮೆಟ್ಟಿಲುಗಳ ಮೇಲೆ ನಿಂತ ಹಾಗೆ ಇರುತ್ತವೆ. ಮೇಲಿನ ಮೆಟ್ಟಿಲಿನಿಂದ ಕೆಳಗೆ ಇಳಿದಾಗ ಆ ಎತ್ತರಕ್ಕೆ ಸರಿಯಾದ ಒಂದೇ ಅಲೆಯುದ್ದದ ಬೆಳಕು ಹೊರಗೆ ಬರುತ್ತದೆ. ರೋಹಿತದಲ್ಲಿ ಅದು ಒಂದು ಸಣ್ಣ ಗೆರೆ. ಒಂದೊಂದು ಧಾತುವಿನ ಮೆಟ್ಟಿಲುಗಳೂ ಬೇರೆ ಬೇರೆ. ಹಾಗಾಗಿ ಅವುಗಳ ಗೆರೆಗಳೂ ಬೇರೆ. ಗೆರೆ ನೋಡಿ ಧಾತು ಯಾವುದೆಂದು ಹೇಳುವುದು ಈ ಶಾಸ್ತ್ರದ ಮೊದಲ ಪಾಠ.

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಆಂಧ್ರದ ಗುಂಟೂರಿನಿಂದ ನೋಡಿದರು. ಆ ವರ್ಷ ಸೂರ್ಯನ ಅಂಚಿನ ಬೆಳಕಿನಲ್ಲಿ ಸಿಕ್ಕ ಒಂದು ಹಳದಿ ಗೆರೆ ಸೋಡಿಯಂಗೆ ಹೊಂದಲಿಲ್ಲ. ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಅದು ಹೊಸ ಧಾತು ಎಂದುಕೊಂಡರು. ಹೀಗೆ ಹೀಲಿಯಂ ಎಂಬ ಹೆಸರು ಹುಟ್ಟಿತು. ಭೂಮಿಯಲ್ಲಿ ಅದು ಕೈಗೆ ಸಿಕ್ಕಿದ್ದು 1895ರಲ್ಲಿ. ಒಂದು ಧಾತು ಮೊದಲು ಸೂರ್ಯನಲ್ಲಿ ಸಿಕ್ಕು ಆಮೇಲೆ ಇಲ್ಲಿ ಸಿಕ್ಕಿತು ಎಂಬುದು ನನಗೆ ಇವತ್ತಿಗೂ ರೋಮಾಂಚನ ತರುವ ಸಂಗತಿ.

ಮರುವರ್ಷ, 1869ರ ಗ್ರಹಣದಲ್ಲಿ, ಅಮೆರಿಕದ ಹಾರ್ಕ್‌ನೆಸ್ ಮತ್ತು ಯಂಗ್ ಕರೋನಾದಲ್ಲಿ ಒಂದು ಹಸಿರು ಗೆರೆ ಕಂಡರು. ಅಲೆಯುದ್ದ 530.3 ನ್ಯಾನೊಮೀಟರ್. ಇದೂ ಯಾವುದಕ್ಕೂ ಹೊಂದಲಿಲ್ಲ. ಮತ್ತೊಂದು ಹೊಸ ಧಾತು ಎಂದುಕೊಂಡು ಕರೋನಿಯಂ ಎಂದು ಹೆಸರಿಟ್ಟರು. ಈ ಸಲ ಊಹೆ ತಪ್ಪಾಗಿತ್ತು. ಸುಮಾರು 70 ವರ್ಷ ಆದಮೇಲೆ, 1940ರ ಆಸುಪಾಸಿನಲ್ಲಿ, ಜರ್ಮನಿಯ ಗ್ರೋಟ್ರಿಯಾನ್ ಮತ್ತು ಸ್ವೀಡನ್ನಿನ ಎಡ್ಲೆನ್ ಅವರ ಕೆಲಸದಿಂದ ಒಗಟು ಬಿಡಿಸಿದಂತಾಯಿತು. ಅದು ನಮ್ಮ ಮಾಮೂಲಿ ಕಬ್ಬಿಣ. ಆದರೆ ಅದರ 26 ಎಲೆಕ್ಟ್ರಾನುಗಳಲ್ಲಿ ಸರಿಯಾಗಿ ಅರ್ಧ, ಅಂದರೆ 13, ಕಿತ್ತುಹೋಗಿದ್ದವು. ಕಬ್ಬಿಣಕ್ಕೆ ಅಂಥ ಗತಿ ಬರಬೇಕಾದರೆ ಸುಮಾರು 20 ಲಕ್ಷ ಡಿಗ್ರಿ ಬಿಸಿ ಬೇಕು. ಕರೋನಾ ಎಷ್ಟು ಕಾದಿದೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ, ಒಂದು ಹಸಿರು ಗೆರೆಯಿಂದ.

ಪಾಕದ ಎಳೆ ನೋಡಿ ಬಿಸಿ ಹೇಳುವ ಹಾಗೆ

ಎಲೆಕ್ಟ್ರಾನು ಕಳೆದುಕೊಂಡ ಪರಮಾಣುವಿಗೆ ಅಯಾನು ಎಂದು ಹೆಸರು. ಬಿಸಿ ಜಾಸ್ತಿಯಾದಂತೆ ಕಣಗಳ ಗುದ್ದಾಟ ಜೋರಾಗುತ್ತದೆ. ಎಲೆಕ್ಟ್ರಾನುಗಳು ಒಂದೊಂದೇ ಕಳಚುತ್ತವೆ. ಎಷ್ಟು ಕಳಚಿವೆ ಎಂದು ಗೊತ್ತಾದರೆ ಬಿಸಿ ಎಷ್ಟೆಂದು ಗೊತ್ತಾಗುತ್ತದೆ.

ನಮ್ಮ ಅಡುಗೆಮನೆಗಳಲ್ಲಿ ಪಾಕ ಮಾಡುವಾಗ ಯಾರೂ ಥರ್ಮಾಮೀಟರ್ ಹಾಕುವುದಿಲ್ಲ. ಎರಡು ಬೆರಳ ನಡುವೆ ಹಿಡಿದು ಎಳೆದು ನೋಡುತ್ತಾರೆ. ಒಂದೆಳೆ ಬಂತೋ, ಎರಡೆಳೆ ಬಂತೋ, ನೀರಿಗೆ ಹಾಕಿದರೆ ಉಂಡೆ ಕಟ್ಟಿತೋ. ಪಾಕದ ಹದವೇ ಅದು ಎಷ್ಟು ಕಾದಿದೆ ಎಂದು ಹೇಳುತ್ತದೆ. ಸೂರ್ಯನಲ್ಲಿ ಅಯಾನುಗಳು ಇಂಥ ಹದಗಳು. ಒಂದು ಎಲೆಕ್ಟ್ರಾನು ಕಳೆದುಕೊಂಡ ಮೆಗ್ನೀಸಿಯಂ 280 ನ್ಯಾನೊಮೀಟರ್ ಹತ್ತಿರ ಹೊಳೆದರೆ ಅಲ್ಲಿ ಸುಮಾರು 10,000 ಡಿಗ್ರಿ. ಮೂರು ಕಳೆದುಕೊಂಡ ಸಿಲಿಕಾನ್ 140ರ ಹತ್ತಿರ ಹೊಳೆದರೆ ಸುಮಾರು 80,000. ಐದು ಕಳೆದುಕೊಂಡ ಆಮ್ಲಜನಕ 103ರ ಹತ್ತಿರ ಹೊಳೆದರೆ 3 ಲಕ್ಷ. ಏಳು ಕಳೆದುಕೊಂಡ ನಿಯಾನ್ 77ರಲ್ಲಿ ಹೊಳೆದರೆ 6 ಲಕ್ಷ. ಹನ್ನೊಂದು ಕಳೆದುಕೊಂಡ ಕಬ್ಬಿಣ 19.5ರಲ್ಲಿ ಹೊಳೆದರೆ 15 ಲಕ್ಷ. ದೊಡ್ಡ ಸೌರಜ್ವಾಲೆ, ಅಂದರೆ ಸೂರ್ಯನ ಮೇಲಿನ ಭಾರಿ ಸ್ಫೋಟ, ಎದ್ದಾಗ ಇಪ್ಪತ್ತು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣವೂ 135ರ ಹತ್ತಿರ ಗೆರೆ ತೋರಿಸುತ್ತದೆ. ಆಗ ಅಲ್ಲಿ ಒಂದು ಕೋಟಿ ಡಿಗ್ರಿ!

ಬಿಸಿಗೂ ಎಲೆಕ್ಟ್ರಾನು ಕಳಚುವುದಕ್ಕೂ ಇರುವ ಲೆಕ್ಕವನ್ನು ಮೊದಲು ಸ್ಪಷ್ಟವಾಗಿ ಬರೆದವರು ಮೇಘನಾದ ಸಾಹಾ. 1920ರಲ್ಲಿ ಪ್ರಕಟವಾದ ಅವರ ಪ್ರಬಂಧದ ವಿಷಯ ಸೂರ್ಯನ ವರ್ಣಗೋಳವೇ. ತೀರಾ ವಿರಳವಾದ ಕರೋನಾಕ್ಕೆ ಈಗ ಬೇರೆ ಬಗೆಯ ಲೆಕ್ಕ ಬಳಸುತ್ತಾರೆ. ಆದರೆ ಗೆರೆಯಿಂದ ಬಿಸಿ ಓದುವ ದಾರಿ ತೆರೆದದ್ದು ಅವರು.

ನೇರಳಾತೀತವೇ ಏಕೆ ಬೇಕು?

ಮೇಲೆ ಹೇಳಿದ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಎಲ್ಲವೂ 400 ನ್ಯಾನೊಮೀಟರ್‌ಗಿಂತ ಕೆಳಗೇ ಇವೆ. ಕಾರಣ ಸರಳ. ಎಲೆಕ್ಟ್ರಾನುಗಳು ಕಳಚಿದಷ್ಟೂ ಉಳಿದವನ್ನು ಪರಮಾಣು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಗ ಮೆಟ್ಟಿಲುಗಳ ಎತ್ತರ ಹೆಚ್ಚುತ್ತದೆ. ಎತ್ತರದಿಂದ ಇಳಿದಾಗ ಬರುವ ಬೆಳಕಿನ ಶಕ್ತಿ ಜಾಸ್ತಿ, ಅಲೆಯುದ್ದ ಕಡಿಮೆ. ಹಾಗಾಗಿ ಕಾದ ಅನಿಲದ ಮುಖ್ಯ ಗೆರೆಗಳೆಲ್ಲ ನೇರಳಾತೀತದಲ್ಲೇ ಗುಂಪುಗೂಡಿವೆ. ಆ ಹಸಿರು ಗೆರೆಯಂಥವು ಅಪರೂಪ.

ಇನ್ನೊಂದು ಅನುಕೂಲವೂ ಇದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ದ್ಯುತಿಗೋಳ ಕರೋನಾಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಪ್ರಖರ. ಹಗಲು ಹೊತ್ತಿನಲ್ಲಿ ಮಿಂಚುಹುಳ ಹುಡುಕಿದಂತೆ ಆಗುತ್ತದೆ. ಆದರೆ 5,500 ಡಿಗ್ರಿಯ ದ್ಯುತಿಗೋಳಕ್ಕೆ ದೂರದ ನೇರಳಾತೀತದಲ್ಲಿ ಹೊಳೆಯುವ ತಾಕತ್ತಿಲ್ಲ. ಸುಮಾರು 160 ನ್ಯಾನೊಮೀಟರ್‌ಗಿಂತ ಕೆಳಗೆ ಹೋದರೆ ಅದು ಮಂಕಾಗಿಬಿಡುತ್ತದೆ. ಹಿಂದಿನ ಪರದೆ ಕಪ್ಪಾಗಿ, ಮೇಲಿನ ಪದರಗಳ ಗೆರೆಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆ. ಗ್ರಹಣಕ್ಕೆ ಕಾಯುವುದೇ ಬೇಡ.

ಅಡ್ಡಿ ಇರುವುದು ನಮ್ಮ ಕಡೆಯಿಂದ. ಭೂಮಿಯ ಗಾಳಿ, ಓಜೋನ್ ಪದರ ಸೇರಿದಂತೆ, ಸುಮಾರು 290 ನ್ಯಾನೊಮೀಟರ್‌ಗಿಂತ ಕೆಳಗಿನದ್ದನ್ನೆಲ್ಲ ಹೀರಿಬಿಡುತ್ತದೆ. ಜೀವ ಉಳಿದಿರುವುದೇ ಅದರಿಂದ. ಆದರೆ ಆ ಬೆಳಕನ್ನು ಓದಬೇಕಾದರೆ ಗಾಳಿಯಿಂದ ಮೇಲೆ ಹೋಗಲೇಬೇಕು.

ಮೊದಲ ಸಲ ಹೋದದ್ದು 1946ರ ಅಕ್ಟೋಬರ್ 10ರಂದು. ಯುದ್ಧದಲ್ಲಿ ವಶವಾದ ಜರ್ಮನಿಯ ವಿ-2 ರಾಕೆಟ್ಟಿನ ಬಾಲದ ರೆಕ್ಕೆಯಲ್ಲಿ ರಿಚರ್ಡ್ ಟೌಸಿ ಅವರ ತಂಡ ಒಂದು ರೋಹಿತ ಉಪಕರಣ ಇಟ್ಟು ಅಮೆರಿಕದ ನ್ಯೂ ಮೆಕ್ಸಿಕೊದಿಂದ ಹಾರಿಸಿತು. ರಾಕೆಟ್ ನೆಲಕ್ಕೆ ಅಪ್ಪಳಿಸಿದರೂ ಫಿಲ್ಮು ಉಳಿದಿತ್ತು. ಮನುಷ್ಯರು ಅದುವರೆಗೆ ಕಾಣದಿದ್ದ ಸೂರ್ಯನ ಬೆಳಕು ಅದರಲ್ಲಿ ದಾಖಲಾಗಿತ್ತು.

ಗೆರೆ ಸರಿದರೆ, ಅಗಲವಾದರೆ

ಗೆರೆ ಎಲ್ಲಿದೆ ಎಂಬುದಷ್ಟೇ ಮುಖ್ಯವಲ್ಲ. ಅದರ ಆಕಾರವೂ ಮಾತಾಡುತ್ತದೆ. ನನ್ನ ಮಟ್ಟಿಗೆ ಈ ಶಾಸ್ತ್ರದ ನಿಜವಾದ ಸೊಗಸು ಇರುವುದು ಇಲ್ಲಿ.

ಹಾರ್ನ್ ಹೊಡೆಯುತ್ತಾ ಬರುವ ಬಸ್ಸಿನ ಸದ್ದು ಹತ್ತಿರ ಬರುವಾಗ ತುಸು ಕೀರಲು, ನಮ್ಮನ್ನು ದಾಟಿ ಹೋದಮೇಲೆ ತುಸು ದಪ್ಪ. ಬೆಳಕಿಗೂ ಹೀಗೇ ಆಗುತ್ತದೆ. ಅನಿಲ ನಮ್ಮ ಕಡೆ ಬರುತ್ತಿದ್ದರೆ ಗೆರೆ ಕಡಿಮೆ ಅಲೆಯುದ್ದದ ಕಡೆಗೆ ಸರಿಯುತ್ತದೆ, ದೂರ ಹೋಗುತ್ತಿದ್ದರೆ ಹೆಚ್ಚಿನ ಕಡೆಗೆ. ಸೆಕೆಂಡಿಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಅನಿಲದ 140 ನ್ಯಾನೊಮೀಟರ್ ಗೆರೆ ಸರಿಯುವುದು 0.047 ನ್ಯಾನೊಮೀಟರ್ ಮಾತ್ರ. ಇಷ್ಟು ಸಣ್ಣ ಸರಿತವನ್ನು ಅಳೆದು, 15 ಕೋಟಿ ಕಿಲೋಮೀಟರ್ ದೂರದ ಅನಿಲದ ವೇಗ ಹೇಳುತ್ತಾರೆ.

ಗೆರೆಯ ಅಗಲ ಬೇರೆ ವಿಷಯ. ಭಜನೆಯಲ್ಲಿ ಎಲ್ಲರೂ ಒಂದೇ ಶ್ರುತಿಯಲ್ಲಿದ್ದರೆ ಸ್ವರ ಮೊನಚಾಗಿ ಕೇಳುತ್ತದೆ. ಒಬ್ಬೊಬ್ಬರು ಕೂದಲೆಳೆಯಷ್ಟು ಆಚೀಚೆ ಆದರೆ ಸ್ವರ ಹರಡುತ್ತದೆ. ಕಾದ ಅನಿಲದಲ್ಲಿ ಕೋಟ್ಯಂತರ ಅಯಾನುಗಳು ಎಲ್ಲ ದಿಕ್ಕಿಗೂ ಬೇರೆ ಬೇರೆ ವೇಗದಲ್ಲಿ ಓಡುತ್ತವೆ. ಒಂದೊಂದರ ಗೆರೆ ಒಂದೊಂದು ಕಡೆ ಸರಿದು, ಒಟ್ಟು ಗೆರೆ ಅಗಲವಾಗುತ್ತದೆ. ಬಿಸಿಗೆ ಬರಬೇಕಾದ ಅಗಲ ಎಷ್ಟೆಂದು ಲೆಕ್ಕ ಹಾಕಬಹುದು. ಸೂರ್ಯನಲ್ಲಿ ಅದಕ್ಕಿಂತ ಜಾಸ್ತಿ ಅಗಲ ಕಾಣುತ್ತದೆ. ಆ ಹೆಚ್ಚುವರಿ ಅಗಲ ಅಲೆಗಳ ಅಥವಾ ಕದಡಿದ ಹರಿವಿನ ಗುರುತು. ಕರೋನಾ ಕಾಯುವ ಬಗೆಯ ಸುಳಿವು ಅದರಲ್ಲೇ ಇದೆ ಎಂದು ಹುಡುಕುವವರು ಬಹಳ.

ಅನಿಲ ಎಷ್ಟು ದಟ್ಟವಾಗಿದೆ ಎಂದು ತಿಳಿಯಲು ಒಂದೇ ಅಯಾನಿನ ಎರಡು ಗೆರೆಗಳನ್ನು ಹೋಲಿಸುತ್ತಾರೆ. ಕೆಲವು ಗೆರೆಗಳ ಬೆಳಕು ತಟ್ಟನೆ ಹೊರಬರುತ್ತದೆ, ಕೆಲವಕ್ಕೆ ಸಮಯ ಬೇಕು. ಸಂತೆಯ ಗದ್ದಲದಲ್ಲಿ ನಿಧಾನವಾಗಿ ಮಾತಾಡುವವರ ಮಾತು ಅರ್ಧಕ್ಕೇ ತುಂಡಾಗುತ್ತದಲ್ವಾ? ಹಾಗೆ, ಕಣಗಳು ಕಿಕ್ಕಿರಿದಿದ್ದರೆ ನಿಧಾನದ ಗೆರೆ ಹೊಳೆಯುವ ಮೊದಲೇ ಇನ್ನೊಂದು ಕಣ ಬಂದು ಗುದ್ದಿಬಿಡುತ್ತದೆ. ಆ ಗೆರೆ ಮಂಕಾಗುತ್ತದೆ. ಎರಡರ ಪ್ರಖರತೆಯ ಅನುಪಾತವೇ ದಟ್ಟಣೆಯ ಅಳತೆ.

ಉಪಕರಣದ ಒಳಗೆ

ಇದಕ್ಕೆ ಬಳಸುವ ಉಪಕರಣದಲ್ಲಿ ಮಾಮೂಲಿ ಗಾಜಿನ ಲೆನ್ಸ್ ನಡೆಯುವುದಿಲ್ಲ. ಗಾಜು ಈ ಬೆಳಕನ್ನು ನುಂಗುತ್ತದೆ. ಹಾಗಾಗಿ ಕನ್ನಡಿಗಳೇ ಬೇಕು. ಕನ್ನಡಿ ಮೂಡಿಸಿದ ಸೂರ್ಯನ ಬಿಂಬದ ಒಂದು ಸಣ್ಣ ಪಟ್ಟಿ ಮಾತ್ರ ಕಿರಿದಾದ ಸೀಳಿನ ಮೂಲಕ ಒಳಗೆ ಹೋಗುತ್ತದೆ. ಒಳಗೆ ಒತ್ತೊತ್ತಾಗಿ ಗೀರು ಹಾಕಿದ ಫಲಕ, ಅಂದರೆ ಗ್ರೇಟಿಂಗ್, ಅದನ್ನು ಬಣ್ಣಗಳಾಗಿ ಬಿಡಿಸುತ್ತದೆ. ಸಿಡಿಯಲ್ಲಿ ಆಗುವುದೂ ಇದೇ. ಕೊನೆಯಲ್ಲಿ ಕ್ಯಾಮೆರಾದ ಚಿಪ್ ಅದನ್ನು ದಾಖಲಿಸುತ್ತದೆ.

ಸೀಳಿನಲ್ಲಿ ಕಾಣುವುದು ಒಂದು ಪಟ್ಟಿ ಅಷ್ಟೇ ಆದ್ದರಿಂದ, ಜೆರಾಕ್ಸ್ ಯಂತ್ರದ ದೀಪ ಕಾಗದದ ಮೇಲೆ ಸರಿದ ಹಾಗೆ, ಸೀಳನ್ನು ಸೂರ್ಯನ ಮೇಲೆ ಸರಿಸುತ್ತಾ ಹೋಗಬೇಕು. ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ಪಕ್ಕದಲ್ಲೇ ಸ್ಫೋಟ ಆಗಿಹೋದರೆ ತಪ್ಪಿತು. ಈ ವಿದ್ಯೆಯ ದೊಡ್ಡ ಮಿತಿ ಇದು. ಕನ್ನಡಿಯ ಮೇಲೆ ಅಂಟಿನ ಅಥವಾ ಎಣ್ಣೆಯ ಕಾಣದಷ್ಟು ತೆಳು ಪೊರೆ ಕೂತರೂ ನೇರಳಾತೀತ ಬೆಳಕಿಗೆ ಅದು ಸುಟ್ಟು ಗಟ್ಟಿಯಾಗಿ ಉಪಕರಣ ಕುರುಡಾಗುತ್ತದೆ. ಹಾಗಾಗಿ ಜೋಡಿಸುವ ಕೋಣೆಯಲ್ಲಿ ದೂಳಿನ ಕಣಕ್ಕೂ ಜಾಗವಿಲ್ಲ.

ಇದುವರೆಗೆ ಗೊತ್ತಾದದ್ದು

1995ರ ಡಿಸೆಂಬರಿನಲ್ಲಿ ಹಾರಿದ, ಯುರೋಪ್ ಮತ್ತು ಅಮೆರಿಕದ ಸೋಹೊ ನೌಕೆ ಈ ಕೆಲಸಕ್ಕೆ ದೊಡ್ಡ ತಿರುವು ಕೊಟ್ಟಿತು. ಅದರ ಸೂಮರ್ ಎಂಬ ಉಪಕರಣ 77 ನ್ಯಾನೊಮೀಟರಿನ ನಿಯಾನ್ ಗೆರೆಯನ್ನು ಹಿಡಿದು, ವೇಗದ ಸೌರಮಾರುತ, ಅಂದರೆ ಸೂರ್ಯನಿಂದ ಹೊರಗೆ ಹರಿಯುವ ಕಣಗಳ ಪ್ರವಾಹ, ಸೂರ್ಯನ ಮೈಮೇಲಿನ ಯಾವ ಜಾಗಗಳಿಂದ ಹೊರಡುತ್ತದೆ ಎಂದು ತೋರಿಸಿತು. ದ್ಯುತಿಗೋಳದ ಮೇಲೆ ಬಲೆಯ ಹಾಗೆ ಹರಡಿರುವ ಕಾಂತೀಯ ಅಂಚುಗಳಲ್ಲಿ ಗೆರೆ ನಮ್ಮ ಕಡೆಗೆ ಸರಿದಿತ್ತು. 1999ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದೇ ನೌಕೆಯ ಇನ್ನೊಂದು ಉಪಕರಣ ಕರೋನಾದ ಹೊರಭಾಗದಲ್ಲಿ ಆಮ್ಲಜನಕದ ಗೆರೆ ವಿಪರೀತ ಅಗಲವಾಗಿರುವುದನ್ನು ಕಂಡಿತು. ಆ ಅಯಾನುಗಳ ಓಟವನ್ನು ಬಿಸಿಗೆ ಬದಲಿಸಿ ಹೇಳಿದರೆ 10 ಕೋಟಿ ಡಿಗ್ರಿಗೂ ಜಾಸ್ತಿ. ಸೂರ್ಯನ ಒಡಲಲ್ಲೇ ಇರುವುದು 1.5 ಕೋಟಿ. ಅದೇ ಜಾಗದ ಹೈಡ್ರೋಜನ್ ಅಷ್ಟು ಕಾದಿರಲಿಲ್ಲ. ಭಾರದ ಅಯಾನನ್ನು ಆರಿಸಿ ಕಾಯಿಸುವ ಏನೋ ಒಂದು ಅಲ್ಲಿ ಕೆಲಸ ಮಾಡುತ್ತಿದೆ ಎಂದಾಯಿತು. ಅಲೆಗಳ ಮೇಲಿನ ಅನುಮಾನ ಬಲವಾಯಿತು.

2013ರ ಜೂನ್ 27ರಂದು ಹಾರಿದ ಐರಿಸ್ ಎಂಬ ಪುಟ್ಟ ಉಪಗ್ರಹದ ಸೀಳು ಸೂರ್ಯನ ಮೇಲೆ ಸುಮಾರು 240 ಕಿಲೋಮೀಟರ್ ಅಗಲದ ಪಟ್ಟಿಯನ್ನು ನೋಡುತ್ತದೆ. ಅದು ಕಂಡ ವಿಚಿತ್ರವಾದ ಸ್ಫೋಟಗಳ ವಿವರ ಮರುವರ್ಷ ಪ್ರಕಟವಾಯಿತು. ಸಿಲಿಕಾನ್ ಗೆರೆ ತುಂಬಾ ಹೊಳೆದು ಎರಡೂ ಕಡೆ ಹರಡಿತ್ತು. ಅಂದರೆ 80,000 ಡಿಗ್ರಿಯ ಅನಿಲ ಮೇಲಕ್ಕೂ ಕೆಳಕ್ಕೂ ಚಿಮ್ಮುತ್ತಿತ್ತು. ಆದರೆ ಆ ಹೊಳೆಯುವ ಗೆರೆಯ ಮೈಮೇಲೇ ನಿಕ್ಕಲಿನ ಸಣ್ಣ ಕಪ್ಪು ಗೆರೆಗಳಿದ್ದವು. ನಿಕ್ಕಲಿನ ಆ ಗೆರೆ ಬರುವುದು ತಣ್ಣಗಿನ ಅನಿಲದಿಂದ. ಕಪ್ಪಾಗಿ ಬರಬೇಕಾದರೆ ತಣ್ಣಗಿನದು ಮುಂದೆ ಇರಬೇಕು, ಬಿಸಿಯದು ಹಿಂದೆ. ಹಾಗಾದರೆ ಸ್ಫೋಟ ಆದದ್ದು ಮೇಲೆ ಕರೋನಾದಲ್ಲಿ ಅಲ್ಲ, ತಣ್ಣಗಿನ ಹೊದಿಕೆಯ ಕೆಳಗೆ, ಬಹಳ ತಗ್ಗಿನಲ್ಲಿ! ಯಾವ ಫೋಟೊ ನೋಡಿದರೂ ಇದು ಗೊತ್ತಾಗುತ್ತಿರಲಿಲ್ಲ. ಗೆರೆಯೊಳಗಿನ ಗೆರೆ ನೋಡಿದ್ದಕ್ಕೆ ಗೊತ್ತಾಯಿತು.

ಆದಿತ್ಯ ಎಲ್1 ಮಾಡುತ್ತಿರುವುದು ಇದನ್ನೇನಾ?

ಪೂರ್ತಿ ಇದನ್ನೇ ಅಲ್ಲ. ಇಲ್ಲಿ ಗೊಂದಲ ಆಗುವುದು ಸಹಜ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಜಾಗ ತಲುಪಿದ ಈ ನೌಕೆಯಲ್ಲಿ ಏಳು ಉಪಕರಣಗಳಿವೆ. ಅದರಲ್ಲಿ ಪುಣೆಯ ಅಯೂಕಾ ಸಂಸ್ಥೆಯ ನೇತೃತ್ವದಲ್ಲಿ ತಯಾರಾದ ಸೂಟ್ ನೇರಳಾತೀತದಲ್ಲಿ, 200ರಿಂದ 400 ನ್ಯಾನೊಮೀಟರ್ ನಡುವೆ, 11 ಸೋಸುಗಗಳ (ಫಿಲ್ಟರುಗಳ) ಮೂಲಕ ಚಿತ್ರ ತೆಗೆಯುತ್ತದೆ. ಬಣ್ಣದ ಕನ್ನಡಕ ಹಾಕಿಕೊಂಡು ನೋಡಿದ ಹಾಗೆ. ಇಡೀ ಸೂರ್ಯ ಒಂದೇ ಸಲ ಕಾಣುತ್ತಾನೆ, ಆದರೆ ಗೆರೆಯ ಸರಿತ, ಅಗಲ ಸಿಗುವುದಿಲ್ಲ.

ಗೆರೆ ಬಿಡಿಸುವ ಕೆಲಸ ವೆಲ್ಕ್ ಎಂಬ ಉಪಕರಣದ್ದು. ಅದನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಹೊಸಕೋಟೆಯ ತನ್ನ ಆವರಣದಲ್ಲಿ. ಅದು ಒಳಗೇ ಸೂರ್ಯನ ಬಿಂಬವನ್ನು ಮರೆಮಾಡಿ ಕೃತಕ ಗ್ರಹಣ ಉಂಟುಮಾಡಿ, ಕರೋನಾದ ಮೂರು ಗೆರೆಗಳನ್ನು ಓದುತ್ತದೆ. ಮೂರೂ ಕಬ್ಬಿಣದವು, ನೇರಳಾತೀತದವಲ್ಲ. ಮೊದಲನೆಯದು 530.3 ನ್ಯಾನೊಮೀಟರ್. ಹೌದು, 1869ರ ಗ್ರಹಣದಲ್ಲಿ ಸಿಕ್ಕ ಅದೇ ಹಸಿರು ಗೆರೆ.

ನೇರಳಾತೀತ ಗೆರೆಗಳನ್ನು ಐರಿಸ್, ಜಪಾನಿನ ಹಿನೋಡೆ, 2020ರಲ್ಲಿ ಹಾರಿದ ಯುರೋಪಿನ ಸೋಲಾರ್ ಆರ್ಬಿಟರ್ ಓದುತ್ತವೆ. ಸೂಟ್ ಇಡೀ ಸೂರ್ಯನನ್ನು ತೋರಿಸಿದರೆ ಇವು ಒಂದು ಮೂಲೆಯನ್ನು ಆಳವಾಗಿ ಬಿಡಿಸುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಪೂರ್ತಿ ಕಥೆ.

ನಮಗೂ ಇದಕ್ಕೂ ಏನು ಸಂಬಂಧ?

ಸೂರ್ಯನ ಒಟ್ಟು ಬೆಳಕು ಅವನ 11 ವರ್ಷದ ಏರಿಳಿತದಲ್ಲಿ ಬದಲಾಗುವುದು ಸಾವಿರಕ್ಕೆ ಒಂದು ಪಾಲಿನಷ್ಟು. ಆದರೆ ನೇರಳಾತೀತದಲ್ಲಿ ಅತಿ ಕಡಿಮೆ ಅಲೆಯುದ್ದದ ಬೆಳಕು ಎರಡು ಪಟ್ಟಿಗೂ ಜಾಸ್ತಿ ಏರುತ್ತದೆ. ಭೂಮಿಯ ವಾತಾವರಣದ ಮೇಲ್ಪದರ ಈ ಬೆಳಕನ್ನು ಹೀರಿ ಕಾಯುತ್ತದೆ, ಹಾಲು ಉಕ್ಕಿದ ಹಾಗೆ ಮೇಲಕ್ಕೆ ಹಿಗ್ಗುತ್ತದೆ. ಆಗ ಕೆಳಗಿನ ಕಕ್ಷೆಗಳಲ್ಲಿ ಸುತ್ತುವ ಉಪಗ್ರಹಗಳಿಗೆ ಗಾಳಿ ತಡೆಯುತ್ತದೆ. ಅವು ನಿಧಾನವಾಗಿ ಕೆಳಗಿಳಿಯುತ್ತವೆ. ರೇಡಿಯೊ ಅಲೆಗಳನ್ನು ಬಾಗಿಸುವ, ಜಿಪಿಎಸ್ ಲೆಕ್ಕ ತಪ್ಪಿಸುವ ಅಯಾನುಗೋಳವೂ ಹುಟ್ಟುವುದು ಇದೇ ಬೆಳಕಿನಿಂದ.

1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ತಲೆ ಮೇಲೆ ಬೀಳುತ್ತದೆ ಎಂದು ದೇಶವೆಲ್ಲ ಹೆದರಿದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು, ಕೇಳಿ ನೋಡಿ. ಆ ನಿಲ್ದಾಣದಲ್ಲಿ ಸೂರ್ಯನ ನೇರಳಾತೀತ ರೋಹಿತ ತೆಗೆಯುವ ಉಪಕರಣಗಳಿದ್ದವು. 1973 ಮತ್ತು 74ರಲ್ಲಿ ಗಗನಯಾತ್ರಿಗಳು ಹೊರಗೆ ನಡೆದುಹೋಗಿ ಅವುಗಳ ಫಿಲ್ಮು ತಂದಿದ್ದರು. 1980ರ ದಶಕದವರೆಗೂ ಅದು ಮೇಲೇ ಇರುತ್ತದೆ ಎಂಬ ಅಂದಾಜಿತ್ತು. ಸೂರ್ಯನ ಚಟುವಟಿಕೆ ಲೆಕ್ಕಕ್ಕಿಂತ ಜೋರಾಯಿತು, ಮೇಲಿನ ಗಾಳಿ ಹಿಗ್ಗಿತು. 1979ರ ಜುಲೈ 11ರಂದು ಸ್ಕೈಲ್ಯಾಬ್ ಚೂರಾಗಿ ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಮೇಲೆ ಬಿತ್ತು. ಅದರ ಫಿಲ್ಮುಗಳಲ್ಲಿ ದಾಖಲಾದ ಗೆರೆಗಳ ಪಟ್ಟಿಗಳನ್ನು ಸೌರ ವಿಜ್ಞಾನಿಗಳು ಆಮೇಲೆಯೂ ಬಹಳ ವರ್ಷ ಬಳಸಿದರು.